ಮೊದಲ ಪಂದ್ಯದ ಡಿಫೆನ್ಸ್: ಹನ್ನೊಂದು ಹೆಸರಿನ ಪಟ್ಟಿ ಹೇಳದೆ ಬಿಡುವ ಮಾತು

(ಅಮೆರಿಕದ ಜಾರ್ಜಿಯಾದಲ್ಲಿ ಕನ್ನಡಿಗರ ಬೇಸಿಗೆ ಕೂಟವೊಂದರಲ್ಲಿ, ಕಾಲೇಜ್ ಅಮೆರಿಕನ್ ಫುಟ್‌ಬಾಲ್ ಸೀಸನ್ ಶುರುವಾಗುವ ಮುನ್ನ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು ಅಥೆನ್ಸ್‌ನ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲೋ, ಕ್ಲೆಮ್ಸನ್‌ನಲ್ಲೋ ಓದುತ್ತಿದ್ದಾರೆ. ಸೆಪ್ಟೆಂಬರ್ ಬಂತೆಂದರೆ ಶನಿವಾರ ನಮ್ಮ ಮನೆಗಳಲ್ಲೂ ಟಿವಿ ಆಫ್ ಆಗುವುದಿಲ್ಲ. ಮಕ್ಕಳು ಕೂಗುತ್ತಾರೆ, ನಾವೂ ಜೊತೆಗೆ ಕೂಗುತ್ತೇವೆ. ಆದರೆ ನಾವು ಕ್ರಿಕೆಟ್ ನೋಡಿ ಬೆಳೆದವರು. ನಮ್ಮ ಕಣ್ಣು ಸುಮ್ನೆ ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡು ಇಲ್ಲದ ಕಡೆಯ ಹನ್ನೊಂದು ಜನ ಏನು ಮಾಡುತ್ತಿದ್ದಾರೆ ಅನ್ನುವುದು ಕಾಣುವುದೇ ಇಲ್ಲ. ಇವತ್ತು ನಾನು ಮಾತಾಡುವುದು ಆ ಹನ್ನೊಂದು ಜನರ, ಅಂದರೆ ಡಿಫೆನ್ಸ್‌ನ ಬಗ್ಗೆ. ಅದರಲ್ಲೂ ಸೀಸನ್‌ನ ಮೊದಲ ಪಂದ್ಯದಲ್ಲಿ ಅವರ ಪಾಡು ಏನು ಅನ್ನುವುದರ ಬಗ್ಗೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಪಂದ್ಯದಲ್ಲಿ ಎದುರಾಳಿ ಏನು ತರುತ್ತಾನೆ ಅಂತ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಹಾಗಾಗಿ ಕೋಚ್ ತನ್ನ ಹುಡುಗರಿಗೆ ಎಷ್ಟು ಕಡಿಮೆ ಹೇಳಿಕೊಟ್ಟಿದ್ದಾನೆ, ಅವರು ಅದನ್ನು ಎಷ್ಟು ಗಟ್ಟಿಯಾಗಿ ಕಲಿತಿದ್ದಾರೆ ಅನ್ನುವುದರ ಮೇಲೆ ಡಿಫೆನ್ಸ್ ನಿಲ್ಲುತ್ತದೆ. ಹೊಸ ಹೊಸ ತಂತ್ರಗಳೆಲ್ಲ ಅಕ್ಟೋಬರ್‌ಗೆ ಬಂದರೂ ನಡೆಯುತ್ತದೆ.

ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಸೀಸನ್‌ಗೆ ಮುಂಚೆ ಅಭ್ಯಾಸ ಪಂದ್ಯಗಳಿರುತ್ತವೆ. ಬೇರೆ ತಂಡದ ಎದುರು ಒಮ್ಮೆ ಆಡಿ, ತಪ್ಪು ತಿದ್ದಿಕೊಂಡು, ಆಮೇಲೆ ನಿಜವಾದ ಪಂದ್ಯಕ್ಕೆ ಇಳಿಯಬಹುದು. ಕಾಲೇಜಿನಲ್ಲಿ ಆ ಸೌಕರ್ಯ ಇಲ್ಲ. ಕಾಲೇಜ್ ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಆಗಸ್ಟ್ ಶಿಬಿರದಲ್ಲಿ ಸಿಗುವುದು 25 ಅಭ್ಯಾಸಗಳು. ಮೊದಲ ಕೆಲವು ದಿನ ಬರೀ ಹೆಲ್ಮೆಟ್ ಹಾಕಿಕೊಂಡು ಓಡಬೇಕು, ಮೈಗೆ ಮೈ ತಾಗಿಸಿ ಆಡುವಂತಿಲ್ಲ. ಪೂರ್ತಿ ಪ್ಯಾಡ್ ಹಾಕಿ ಆಡುವ ದಿನಗಳಿಗೂ ಮಿತಿ ಇದೆ. ಅಷ್ಟೂ ದಿನ ಎದುರು ನಿಲ್ಲುವವರು ತಮ್ಮದೇ ತಂಡದ ಹುಡುಗರು. ಅವರ ಆಟ ಇವರಿಗೆ ಬಾಯಿಪಾಠ, ಇವರ ಆಟ ಅವರಿಗೆ ಬಾಯಿಪಾಠ. ಹತ್ತೊಂಬತ್ತು ವರ್ಷದ ಹುಡುಗ ಬೇರೆ ಬಣ್ಣದ ಅಂಗಿಯವನನ್ನು ಆ ವರ್ಷ ಮೊದಲ ಸಲ ಎದುರಿಸುವುದು ಎಂಬತ್ತು ಸಾವಿರ ಜನರ ಮುಂದೆ.

ಎದುರಾಳಿಯ ವಿಡಿಯೊ ನೋಡಬಹುದಲ್ಲ ಅಂತ ನೀವು ಕೇಳಬಹುದು. ನೋಡುತ್ತಾರೆ, ಆದರೆ ಅದು ಹೋದ ವರ್ಷದ್ದು. ಹೋದ ವರ್ಷದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಈಗ ಎನ್‌ಎಫ್‌ಎಲ್‌ಗೆ ಹೋಗಿರಬಹುದು. ಆಟ ಹೆಣೆಯುವ ಕೋಚ್ ಬದಲಾಗಿರಬಹುದು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಕಾಲೇಜು ಬದಲಾಯಿಸಬೇಕೆನ್ನುವವರು ಹೆಸರು ಹಾಕುವ ಪಟ್ಟಿ ಅದು. 2021ರಲ್ಲಿ ಒಂದು ವರ್ಷ ಹೊರಗೆ ಕೂರದೆಯೇ ಕಾಲೇಜು ಬದಲಾಯಿಸಬಹುದು ಅಂತಾಯಿತು. ಆಮೇಲೆ ತಂಡಕ್ಕೆ ತಂಡವೇ ಬದಲಾಗುವುದು ಮಾಮೂಲಾಗಿದೆ.

ಪಂದ್ಯದ ವಾರ ತಂಡದವರು ಒಂದು ಡೆಪ್ತ್ ಚಾರ್ಟ್ ಹೊರಡಿಸುತ್ತಾರೆ. ಯಾವ ಜಾಗಕ್ಕೆ ಯಾರು ಮೊದಲು, ಯಾರು ಎರಡನೆಯವರು ಅನ್ನುವ ಪಟ್ಟಿ. ಎಷ್ಟೋ ಕಡೆ ಎರಡು ಹೆಸರಿನ ನಡುವೆ ‘ಅಥವಾ’ ಅಂತ ಹಾಕಿರುತ್ತಾರೆ, ಅಂದರೆ ಇನ್ನೂ ತೀರ್ಮಾನ ಆಗಿಲ್ಲ. ಅಭಿಮಾನಿಗಳು ಈ ಪಟ್ಟಿಯನ್ನು ಹಿಡಿದುಕೊಂಡು ವಾರವಿಡೀ ಚರ್ಚೆ ಮಾಡುತ್ತಾರೆ. ನನಗೆ ಆ ಪಟ್ಟಿಯ ಮೇಲೆ ಅಷ್ಟು ನಂಬಿಕೆ ಇಲ್ಲ. ಅದರಲ್ಲಿ ಹನ್ನೊಂದು ಜಾಗ ಇರುತ್ತದೆ, ಮೈದಾನದಲ್ಲಿ ಹನ್ನೊಂದಕ್ಕಿಂತ ಜಾಸ್ತಿ ಕೆಲಸ ಇರುತ್ತದೆ.

ಜಾರ್ಜಿಯಾ ತಂಡವನ್ನೇ ತಗೊಳ್ಳಿ. ಕಾಗದದ ಮೇಲೆ ಅದು 3-4: ಮುಂದೆ ಮೂರು ಲೈನ್‌ಮನ್, ಹಿಂದೆ ನಾಲ್ಕು ಲೈನ್‌ಬ್ಯಾಕರ್, ಉಳಿದ ನಾಲ್ವರು ಹಿಂದಿನ ಕಾವಲಿಗೆ. ಈ ನಾಲ್ವರೇ ಡಿಫೆನ್ಸಿವ್ ಬ್ಯಾಕ್: ಎರಡು ಬದಿಗೆ ಕಾರ್ನರ್, ಎಲ್ಲರಿಗಿಂತ ಹಿಂದೆ ಇಬ್ಬರು ಸೇಫ್ಟಿ. ಆದರೆ ಎದುರಿನವರು ಪಾಸ್ ಹಿಡಿಯುವ ರಿಸೀವರ್‌ಗಳನ್ನು ಮೂರು, ನಾಲ್ಕು ಜನ ಅಗಲವಾಗಿ ನಿಲ್ಲಿಸುವ ಈ ಕಾಲದಲ್ಲಿ ಆ ಜೋಡಣೆಯಲ್ಲಿ ಅವರು ಆಡುವುದು ಕಡಿಮೆ. ಒಬ್ಬ ಲೈನ್‌ಬ್ಯಾಕರ್ ಆಚೆ ಹೋಗಿ ಐದನೆಯ ಡಿಫೆನ್ಸಿವ್ ಬ್ಯಾಕ್ ಒಳಗೆ ಬರುತ್ತಾನೆ. ಅವನ ಜಾಗಕ್ಕೆ ಬೇರೆ ಕಡೆ ನಿಕಲ್ ಅನ್ನುತ್ತಾರೆ. ಅಲಬಾಮಾದ ಕೋಚ್ ಆಗಿದ್ದ ನಿಕ್ ಸೇಬನ್ ಗರಡಿಯಲ್ಲಿ ಪಳಗಿದ ಕೋಚ್‌ಗಳು ‘ಸ್ಟಾರ್’ ಅನ್ನುತ್ತಾರೆ. ಜಾರ್ಜಿಯಾದ ಕೋಚ್ ಕರ್ಬಿ ಸ್ಮಾರ್ಟ್ ಅದೇ ಗರಡಿಯವರು. ಈ ಸ್ಟಾರ್ ಅನ್ನುವವನು ವೇಗದ ರಿಸೀವರ್ ಜೊತೆ ಓಡಬೇಕು, ಮರುಕ್ಷಣ ತನಗಿಂತ ಇಪ್ಪತ್ತು ಕಿಲೊ ಜಾಸ್ತಿ ಇರುವವನ ತಡೆ ದಾಟಿ ಓಟಗಾರನನ್ನು ಕೆಡವಬೇಕು. ಮೊದಲ ಪಂದ್ಯದಲ್ಲಿ ಎದುರಾಳಿ ಮೊದಲು ಪರೀಕ್ಷೆ ಮಾಡುವುದು ಇವನನ್ನೇ.

ಈಗ ಮೈದಾನದ ಅಳತೆ ಸ್ವಲ್ಪ ನೋಡೋಣ. ಇದನ್ನು ಟಿವಿಯವರು ಹೇಳುವುದೇ ಇಲ್ಲ. ಮೈದಾನದ ಅಗಲ 160 ಅಡಿ. ಮಧ್ಯದಲ್ಲಿ ಉದ್ದಕ್ಕೂ ಎರಡು ಸಾಲು ಸಣ್ಣ ಗೆರೆ ಇರುತ್ತವೆ, ಅವೇ ಹ್ಯಾಶ್. ಒಂದು ಸಲದ ಆಟ ಈ ಸಾಲುಗಳ ಹೊರಗಡೆ ಎಲ್ಲೇ ಮುಗಿದರೂ ಮುಂದಿನ ಸಲ ಚೆಂಡು ಇಡುವುದು ಹ್ಯಾಶ್ ಮೇಲೆ ಅಥವಾ ಅವೆರಡರ ನಡುವೆ. ಎನ್‌ಎಫ್‌ಎಲ್‌ನಲ್ಲಿ ಈ ಎರಡು ಸಾಲಿನ ನಡುವೆ ಇರುವುದು 18 ಅಡಿ 6 ಇಂಚು, ಅಂದರೆ ಚೆಂಡು ಯಾವಾಗಲೂ ಹೆಚ್ಚುಕಡಿಮೆ ನಡುವಲ್ಲೇ. ಕಾಲೇಜಿನಲ್ಲಿ ನಡುವಿನ ಅಂತರ 40 ಅಡಿ. ಚೆಂಡು ಎಡ ಹ್ಯಾಶ್ ಮೇಲಿದ್ದರೆ ಎಡಕ್ಕೆ 60 ಅಡಿ ಜಾಗ, ಬಲಕ್ಕೆ ಬರೋಬ್ಬರಿ 100 ಅಡಿ. ಈ 100 ಅಡಿಯನ್ನು ಕಾಯುವುದು ಒಂದು ಬಗೆಯ ಕೆಲಸ, ಆ 60 ಅಡಿಯದ್ದು ಇನ್ನೊಂದು ಬಗೆಯದು. ಅದಕ್ಕೇ ಕಾಲೇಜ್ ಡಿಫೆನ್ಸ್‌ನಲ್ಲಿ ಎಡ, ಬಲ ಅನ್ನುವುದಕ್ಕಿಂತ ಅಗಲದ ಕಡೆ, ಕಿರಿದಾದ ಕಡೆ ಅನ್ನುವ ಲೆಕ್ಕ ಜಾಸ್ತಿ. ಚುರುಕಾಗಿ ಓಡುವವರನ್ನು ಅಗಲದ ಕಡೆ ನಿಲ್ಲಿಸುತ್ತಾರೆ, ಗಟ್ಟಿಮುಟ್ಟಾದವರನ್ನು ಕಿರಿದಾದ ಕಡೆ. ಪ್ರತಿ ಆಟಕ್ಕೂ ಚೆಂಡಿನ ಜಾಗ ಬದಲಾದರೆ ಇವರೂ ಅಡ್ಡಡ್ಡ ಓಡಿ ಜಾಗ ಬದಲಾಯಿಸಬೇಕು. ಎದುರಿನವರು ಬೇಗ ಬೇಗ ಆಡುವ ತಂಡ ಆಗಿದ್ದರೆ ಅದಕ್ಕೂ ಸಮಯ ಇರುವುದಿಲ್ಲ. ಸೆಪ್ಟೆಂಬರ್ ಮೊದಲ ವಾರದ ದಕ್ಷಿಣದ ಸೆಕೆಯಲ್ಲಿ, ಮೂರನೆಯ ಕ್ವಾರ್ಟರ್‌ನಲ್ಲಿ, ಒಬ್ಬ ಮರೆತು ಹಳೆಯ ಕಡೆಯೇ ನಿಂತರೆ ಸಾಕು. ಅಲ್ಲಿಂದ ಟಚ್‌ಡೌನ್ ಹೊರಡುತ್ತದೆ, ಅಂದರೆ ಚೆಂಡು ನಮ್ಮ ಕೊನೆಯ ಗೆರೆ ದಾಟುತ್ತದೆ.

ಆಫೆನ್ಸ್, ಅಂದರೆ ಚೆಂಡಿರುವ ತಂಡದಲ್ಲಿ, ಮುಂದೆ ನಿಂತು ಎದುರಿನವರನ್ನು ತಡೆಯುವ ಐವರು ಲೈನ್‌ಮನ್‌ಗಳ ನಡುವಿನ ಸಂದಿಗೆ ಗ್ಯಾಪ್ ಅನ್ನುತ್ತಾರೆ. ನಡುವಿನವನು ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಸೆಂಟರ್‌ನ ಎರಡೂ ಬದಿ ಎ ಗ್ಯಾಪ್, ಅದರಾಚೆ ಬಿ, ಅದರಾಚೆ ಸಿ. ಪ್ರತಿ ಗ್ಯಾಪ್‌ಗೂ ಒಬ್ಬ ಹೊಣೆ. ಡಿಫೆನ್ಸ್‌ನ ಲೈನ್‌ಮನ್ ನಿಲ್ಲುವ ಜಾಗಕ್ಕೂ ನಂಬರ್ ಇದೆ: ಸೆಂಟರ್‌ನ ನೇರ ಎದುರು ನಿಂತರೆ ಸೊನ್ನೆ, ಗಾರ್ಡ್‌ನ ಹೊರಭುಜಕ್ಕೆ ನಿಂತರೆ ಮೂರು, ಟ್ಯಾಕಲ್‌ನ ಹೊರಭುಜಕ್ಕೆ ಐದು. ಟೆಕ್ಸಸ್‌ನ ಬಮ್ ಫಿಲಿಪ್ಸ್ ಅನ್ನುವ ಕೋಚ್ ಈ ನಂಬರ್ ಪದ್ಧತಿ ತಂದರು ಅನ್ನುತ್ತಾರೆ. ಇದರಿಂದ ಆಗುವ ಅನುಕೂಲ ದೊಡ್ಡದು. ಒಂದೇ ಅಂಕೆ ಕೂಗಿದರೆ ಹುಡುಗನಿಗೆ ಎಲ್ಲಿ ನಿಲ್ಲಬೇಕು, ಯಾವ ಸಂದಿ ತನ್ನದು ಎರಡೂ ತಿಳಿಯುತ್ತದೆ. ಇಲ್ಲಿ ಶೂರತನಕ್ಕಿಂತ ಶಿಸ್ತು ಮುಖ್ಯ. ಕಬಡ್ಡಿಯಲ್ಲಿ ಮೂಲೆಯವನು ಒಬ್ಬನೇ ಆತುರಪಟ್ಟು ರೇಡರ್ ಕಾಲಿಗೆ ಹಾರಿದರೆ, ಪಕ್ಕದವನ ಕೈ ಬಿಟ್ಟುಹೋದರೆ, ರೇಡರ್ ಆ ಸಂದಿಯಲ್ಲೇ ನುಸುಳಿ ಗೆರೆ ಮುಟ್ಟುತ್ತಾನೆ, ಅಲ್ವಾ? ಇಲ್ಲೂ ಅದೇ.

ಶಿಸ್ತನ್ನು ಒಡೆಯುವುದಕ್ಕೇ ಹುಟ್ಟಿದ ಒಂದು ಆಟ ಇದೆ, ಝೋನ್ ರೀಡ್ ಅಂತ. ಆಫೆನ್ಸ್‌ನವರು ಎದುರಿನ ಸಾಲಿನ ತುದಿಯಲ್ಲಿ ನಿಲ್ಲುವ ಡಿಫೆನ್ಸಿವ್ ಎಂಡ್‌ನನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಯ ಹತ್ತಿರ ಹಿಡಿದು ಆ ಎಂಡ್‌ನ ಭುಜವನ್ನೇ ನೋಡುತ್ತಾನೆ. ಎಂಡ್ ಓಟಗಾರನ ಕಡೆ ಒಳಗೆ ನುಗ್ಗಿದರೆ ಚೆಂಡು ವಾಪಸ್ ಎಳೆದುಕೊಂಡು ತಾನೇ ಹೊರಗಡೆಯಿಂದ ಓಡುತ್ತಾನೆ. ಎಂಡ್ ಹೊರಗೇ ನಿಂತರೆ ಚೆಂಡನ್ನು ಓಟಗಾರನಿಗೆ ಬಿಟ್ಟುಕೊಡುತ್ತಾನೆ. ಎಂಡ್ ಏನು ಮಾಡಿದರೂ ತಪ್ಪೇ ಅನ್ನುವ ಹಾಗಿದೆ. ಡಿಫೆನ್ಸ್‌ನವರು ಇದಕ್ಕೆ ಕಂಡುಕೊಂಡ ಒಂದು ಉತ್ತರ ಕೆಲಸ ಅದಲುಬದಲು ಮಾಡುವುದು. ಎಂಡ್ ಬೇಕೆಂದೇ ಒಳಗೆ ನುಗ್ಗುತ್ತಾನೆ, ಕ್ವಾರ್ಟರ್‌ಬ್ಯಾಕ್ ಖುಷಿಯಿಂದ ಹೊರಗೆ ಓಡುತ್ತಾನೆ, ಅಷ್ಟರಲ್ಲಿ ಹಿಂದಿನಿಂದ ಲೈನ್‌ಬ್ಯಾಕರ್ ಅಲ್ಲಿಗೆ ಬಂದು ಕಾದಿರುತ್ತಾನೆ. ಕೇಳುವುದಕ್ಕೆ ಸುಲಭ. ಆದರೆ ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ಮಾತು ನಂಬಬೇಕು. ಒಬ್ಬ ಅರ್ಧ ಸೆಕೆಂಡ್ ಅನುಮಾನಪಟ್ಟರೂ ಇಬ್ಬರೂ ಒಂದೇ ಸಂದಿಯಲ್ಲಿ ಇರುತ್ತಾರೆ.

ಇದರ ಮೇಲೆ ಪಾಸ್ ಬೇರೆ ಸೇರಿಸಿದ್ದಾರೆ, ಅದೇ ಆರ್‌ಪಿಒ, ರನ್-ಪಾಸ್ ಆಪ್ಷನ್. ಓಟವೋ ಪಾಸೋ ಅನ್ನುವುದನ್ನು ಚೆಂಡು ಕೈಗೆ ಬಂದ ಮೇಲೆ ನಿರ್ಧರಿಸುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಪಾಸ್ ಹೋಗುವ ಮುಂಚೆ ಲೈನ್‌ಮನ್ ಒಂದು ಯಾರ್ಡ್‌ಗಿಂತ ಮುಂದೆ ಹೋಗುವಂತಿಲ್ಲ. ಕಾಲೇಜಿನಲ್ಲಿ ಮೂರು ಯಾರ್ಡ್ ಬಿಡುತ್ತಾರೆ. ಹೀಗಾಗಿ ಲೈನ್‌ಬ್ಯಾಕರ್ ಕಣ್ಣಿಗೆ ಅದು ಅಚ್ಚುಕಟ್ಟಾದ ಓಟದ ಹಾಗೇ ಕಾಣುತ್ತದೆ. ನನ್ನ ಮಟ್ಟಿಗೆ ಕಾಲೇಜ್ ಲೈನ್‌ಬ್ಯಾಕರ್‌ನ ಕೆಲಸ ಎನ್‌ಎಫ್‌ಎಲ್‌ಗಿಂತ ಕಷ್ಟ ಆಗಿರುವುದು ಇದೊಂದು ವಿಷಯದಲ್ಲಿ.

ಎರಡು ಮೊದಲ ಪಂದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಒಂದು, 2007ರ ಸೆಪ್ಟೆಂಬರ್ 1. ಆನ್ ಆರ್ಬರ್‌ನಲ್ಲಿ ಮಿಷಿಗನ್ ಎದುರು ಅಪಲೇಚಿಯನ್ ಸ್ಟೇಟ್. ಮಿಷಿಗನ್ ದೇಶಕ್ಕೇ ಐದನೇ ರ್‍ಯಾಂಕ್. ಎದುರು ಬಂದವರು ಕೆಳಗಿನ ವಿಭಾಗದ ತಂಡ. ಹಾಗಂತ ಅವರು ಸಾಮಾನ್ಯರಲ್ಲ, 2005 ಮತ್ತು 2006ರಲ್ಲಿ ಆ ವಿಭಾಗದ ಚಾಂಪಿಯನ್‌ಗಳು. ಕೋಚ್ ಜೆರ್ರಿ ಮೂರ್, ಕ್ವಾರ್ಟರ್‌ಬ್ಯಾಕ್ ಅರ್ಮಾಂಟಿ ಎಡ್ವರ್ಡ್ಸ್. ಮೈದಾನದ ಪೂರ್ತಿ ಅಗಲ ಬಳಸುವ ಸ್ಪ್ರೆಡ್ ಆಟ. ಡೆಕ್ಸ್ಟರ್ ಜಾಕ್ಸನ್ ಒಂದು ಸಣ್ಣ ಪಾಸ್ ಹಿಡಿದು 68 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಹಾಫ್‌ಟೈಮ್‌ಗೆ ಅವರು 28, ಮಿಷಿಗನ್ 17. ಕೊನೆಯಲ್ಲಿ ಮಿಷಿಗನ್‌ ಕಂಬಗಳ ನಡುವೆ ಒದೆಯಲು ಹೋದ ಚೆಂಡನ್ನು, ಅಂದರೆ ಫೀಲ್ಡ್ ಗೋಲನ್ನು, ಕೋರಿ ಲಿಂಚ್ ತಡೆದ. 34-32. ಲಕ್ಷ ಜನ ತುಂಬಿದ್ದ ಮೈದಾನ ಮೂಕವಾಯಿತು.

ಎಲ್ಲರೂ ಇದನ್ನು ಅಹಂಕಾರದ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 2006ರ ಮಿಷಿಗನ್ ಡಿಫೆನ್ಸ್‌ನಲ್ಲಿದ್ದ ಲಿಯಾನ್ ಹಾಲ್, ಆಲನ್ ಬ್ರಾಂಚ್, ಲಮಾರ್ ವುಡ್ಲಿ, ಡೇವಿಡ್ ಹ್ಯಾರಿಸ್ ನಾಲ್ವರೂ 2007ರ ಏಪ್ರಿಲ್‌ನಲ್ಲಿ, ವೃತ್ತಿಪರ ತಂಡಗಳು ಕಾಲೇಜ್ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಎರಡು ಸುತ್ತಿನಲ್ಲೇ ಹೋಗಿದ್ದರು. ಒಬ್ಬ ಕಾರ್ನರ್, ಒಬ್ಬ ಡಿಫೆನ್ಸಿವ್ ಟ್ಯಾಕಲ್ (ಒಳಗಿನ ಲೈನ್‌ಮನ್), ಒಬ್ಬ ಎಂಡ್, ಒಬ್ಬ ನಡುವಿನ ಲೈನ್‌ಬ್ಯಾಕರ್. ಅಂದರೆ ಡಿಫೆನ್ಸ್‌ನ ಮುಂದೆ, ನಡು, ಹಿಂದೆ ಮೂರೂ ಕಡೆ ಬೆನ್ನೆಲುಬು ಹೋಗಿತ್ತು. ಹೊಸಬರಲ್ಲಿ ಶಕ್ತಿ ಇತ್ತು. ಯಾರು ಯಾವಾಗ ಎಲ್ಲಿ ಅನ್ನುವ ಒಪ್ಪಂದ ಇನ್ನೂ ಮೈಗೆ ಹತ್ತಿರಲಿಲ್ಲ. ಮುಂದಿನ ವಾರ ಆರೆಗನ್ ಬಂತು, ಅದೂ ಸ್ಪ್ರೆಡ್ ತಂಡವೇ. 39-7ರಿಂದ ಸೋತರು. ಎರಡೂ ವಾರ ಒಂದೇ ಕಡೆ ಗಾಯ. ಆ ಸೀಸನ್ ಮುಗಿಯುವ ಹೊತ್ತಿಗೆ ಕೋಚ್ ಲಾಯ್ಡ್ ಕಾರ್ ನಿವೃತ್ತಿ ಹೇಳಿದರು. ಅವರ ಜಾಗಕ್ಕೆ ಮಿಷಿಗನ್ ಕರೆತಂದಿದ್ದು ಸ್ಪ್ರೆಡ್ ಆಟಕ್ಕೇ ಹೆಸರಾದ ರಿಚ್ ರೊಡ್ರಿಗಸ್‌ರನ್ನು.

ಇನ್ನೊಂದು, 2021ರ ಸೆಪ್ಟೆಂಬರ್ 4, ಷಾರ್ಲಟ್ ನಗರ. ಐದನೇ ರ್‍ಯಾಂಕಿನ ಜಾರ್ಜಿಯಾ, ಮೂರನೇ ರ್‍ಯಾಂಕಿನ ಕ್ಲೆಮ್ಸನ್. ಇಲ್ಲೂ ಜಾರ್ಜಿಯಾದ ಹಿಂದಿನ ಸಾಲು ಖಾಲಿಯಾಗಿತ್ತು. ಕಾರ್ನರ್‌ಗಳಾದ ಎರಿಕ್ ಸ್ಟೋಕ್ಸ್, ಟೈಸನ್ ಕ್ಯಾಂಪ್‌ಬೆಲ್ ಇಬ್ಬರೂ ಎನ್‌ಎಫ್‌ಎಲ್‌ಗೆ ಹೋಗಿದ್ದರು. ವೆಸ್ಟ್ ವರ್ಜೀನಿಯಾದಿಂದ ಕರೆತಂದ ಟೈಕೀ ಸ್ಮಿತ್‌ಗೆ ಆಗಸ್ಟ್‌ನಲ್ಲೇ ಕಾಲಿಗೆ ಪೆಟ್ಟಾಯಿತು. ಸ್ಟಾರ್ ಜಾಗಕ್ಕೆ ಲಟೇವಿಯಸ್ ಬ್ರೀನಿ ಬಂದ. ಕಾರ್ನರ್ ಆಗಿ ಬಂದ ಡೆರಿಯನ್ ಕೆಂಡ್ರಿಕ್ ಹಿಂದಿನ ವರ್ಷ ಆಡಿದ್ದು ಇದೇ ಕ್ಲೆಮ್ಸನ್‌ಗೆ! ಆ ಕಡೆ ಕ್ಲೆಮ್ಸನ್‌ಗೂ ಹೊಸ ಕ್ವಾರ್ಟರ್‌ಬ್ಯಾಕ್. ಟ್ರೆವರ್ ಲಾರೆನ್ಸ್ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಹೋಗಿದ್ದ. ಡಿಜೆ ಉಯಾಂಗಲಲೇ 2020ರಲ್ಲಿ ಆರಂಭದಿಂದ ಆಡಿದ್ದು ಎರಡೇ ಪಂದ್ಯ. ಅದರಲ್ಲಿ ನೋಟರ್ ಡೇಮ್ ಎದುರು 439 ಯಾರ್ಡ್ ಎಸೆದಿದ್ದ. ಜಾರ್ಜಿಯಾ ಕೋಚ್‌ಗಳ ಕೈಯಲ್ಲಿ ಅವನ ಬಗ್ಗೆ ಇದ್ದ ವಿಡಿಯೊ ಹೆಚ್ಚುಕಡಿಮೆ ಅಷ್ಟೇ.

ಇಂಥ ಹೊತ್ತಿನಲ್ಲಿ ಜಾರ್ಜಿಯಾ ನಂಬಿದ್ದು ಮುಂದಿನ ಸಾಲನ್ನು. ನಡುವೆ, ನೋಸ್ ಟ್ಯಾಕಲ್ ಜಾಗದಲ್ಲಿ, ಜೋರ್ಡನ್ ಡೇವಿಸ್: ಆರು ಅಡಿ ಆರಂಗುಲ, 150 ಕಿಲೊ ದಾಟಿದ ತೂಕ. ಅವನನ್ನು ಒಬ್ಬನೇ ತಡೆಯುವುದು ಅಸಾಧ್ಯ, ಇಬ್ಬರು ಬೇಕು. ಅಕ್ಕಪಕ್ಕ ಡೆವಾಂಟೆ ವೈಟ್, ಟ್ರೇವನ್ ವಾಕರ್. ಈ ಮೂವರು ಒಳಗಿನ ಗ್ಯಾಪ್‌ಗಳನ್ನು ಮುಚ್ಚಿಬಿಟ್ಟರೆ ಹಿಂದಿರುವ ನಕೋಬಿ ಡೀನ್, ಕ್ವೇ ವಾಕರ್‌ರಂಥ ಲೈನ್‌ಬ್ಯಾಕರ್‌ಗಳನ್ನು ಮುಟ್ಟುವವರೇ ಇರುವುದಿಲ್ಲ. ಅವರು ಚೆಂಡು ಹೋದ ಕಡೆ ಹಾರಬಹುದು. ಓಟ ತಡೆಯಲು ಮುಂದಿನವರೇ ಸಾಕಾದಾಗ ಸೇಫ್ಟಿಗಳು ಹಿಂದೆಯೇ ಉಳಿಯಬಹುದು. ಸೇಫ್ಟಿಗಳು ಹಿಂದೆ ಉಳಿದರೆ ಹೊಸ ಕಾರ್ನರ್‌ಗಳ ತಪ್ಪಿಗೆ ಮೇಲೊಬ್ಬ ಕಾವಲುಗಾರ ಇರುತ್ತಾನೆ. ಹೊಸ ಹುಡುಗರ ಕೆಲಸ ಸರಳವಾಗುವುದು ಹೀಗೆ. ಡೆಪ್ತ್ ಚಾರ್ಟ್‌ನಲ್ಲಿ ಕಾರ್ನರ್ ಹೆಸರಿನ ಪಕ್ಕ ಪ್ರಶ್ನೆಚಿಹ್ನೆ ಹಾಕಿದವರು ನೋಸ್ ಟ್ಯಾಕಲ್ ಹೆಸರನ್ನೂ ಓದಬೇಕಿತ್ತು. ಆ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಏಳು ಸ್ಯಾಕ್, ಅಂದರೆ ಪಾಸ್ ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದು ಏಳು ಸಲ. ಕ್ಲೆಮ್ಸನ್ ಓಡಿದ್ದು ಒಟ್ಟು 2 ಯಾರ್ಡ್. ಒಂದು ಮಾತು ನೆನಪಿರಲಿ, ಕಾಲೇಜ್ ಲೆಕ್ಕದಲ್ಲಿ ಸ್ಯಾಕ್‌ನಿಂದ ಕಳೆದುಕೊಂಡ ಯಾರ್ಡ್‌ಗಳನ್ನೂ ಓಟದ ಖಾತೆಯಿಂದಲೇ ಕಳೆಯುತ್ತಾರೆ. ಹಾಗಾಗಿ ಆ 2ರಲ್ಲಿ ಕ್ವಾರ್ಟರ್‌ಬ್ಯಾಕ್ ಬಿದ್ದ ನಷ್ಟವೂ ಸೇರಿದೆ. ಆದರೂ ಅದು ದೊಡ್ಡ ಸಾಧನೆಯೇ. ಇಡೀ ಪಂದ್ಯಕ್ಕೆ ಬಂದ ಒಂದೇ ಟಚ್‌ಡೌನ್ ಡಿಫೆನ್ಸ್‌ನದ್ದು. ಎರಡನೇ ಕ್ವಾರ್ಟರ್‌ನ ಕೊನೆಯಲ್ಲಿ ಸೇಫ್ಟಿ ಕ್ರಿಸ್ಟೋಫರ್ ಸ್ಮಿತ್ ಸಣ್ಣ ಪಾಸೊಂದರ ಮುಂದೆ ಹಾರಿ ಚೆಂಡು ಕಸಿದು 74 ಯಾರ್ಡ್ ಓಡಿದ. 10-3. ನನಗೆ ಆ ಆಟದಲ್ಲಿ ತುಂಬ ಇಷ್ಟವಾಗುವುದು ಸ್ಮಿತ್‌ನ ಮೊದಲ ಎರಡು ಹೆಜ್ಜೆ. ಹಿಂದಕ್ಕೆ ಸರಿಯುವ ಗೊಡವೆಯೇ ಇಲ್ಲ, ನೇರ ಮುಂದಕ್ಕೆ. ಬೆನ್ನ ಹಿಂದೆ ಯಾರಿದ್ದಾರೆ ಅನ್ನುವ ಭರವಸೆ ಇಲ್ಲದ ಹುಡುಗ ಹಾಗೆ ಹಾರಲಾರ.

ಆ ದಿನ ಎರಡನೇ ಸಾಲಿನಲ್ಲಿ ಬದಲಿಯಾಗಿ ಬಂದು ಹೋಗುತ್ತಿದ್ದ ಲೈನ್‌ಮನ್ ಒಬ್ಬನ ಹೆಸರು ಜೇಲನ್ ಕಾರ್ಟರ್. 2023ರಲ್ಲಿ ಅವನು ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಹೋದ. ಕೀಲಿ ರಿಂಗೊ ಆ ದಿನ ಆರಂಭದ ಹನ್ನೊಂದರಲ್ಲೇ ಇರಲಿಲ್ಲ. ಜನವರಿಯ ಫೈನಲ್‌ನಲ್ಲಿ ಅಲಬಾಮಾ ಎದುರು ಚೆಂಡು ಕಸಿದು 79 ಯಾರ್ಡ್ ಓಡಿ ಪ್ರಶಸ್ತಿ ಖಚಿತ ಮಾಡಿದ್ದು ಅವನೇ. ಮೊದಲ ವಾರದ ಪಟ್ಟಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ ಅಂದಿದ್ದು ಇದಕ್ಕೇ.

2024ರಿಂದ ಒಂದು ಹೊಸ ಅನುಕೂಲ ಬಂದಿದೆ. ಡಿಫೆನ್ಸ್‌ನಲ್ಲಿ ಒಬ್ಬನ ಹೆಲ್ಮೆಟ್‌ಗೆ ಕೋಚ್ ನೇರವಾಗಿ ಮಾತಾಡಬಹುದು. ಅವನ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುತ್ತದೆ, ನೋಡಿ. ಮುಂದಿನ ಆಟ ಶುರುಮಾಡಲು ಎಣಿಸುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ, ಅಥವಾ ಅದಕ್ಕೂ ಮುಂಚೆ ಚೆಂಡು ಆಟಕ್ಕೆ ಬಂದರೆ ಆಗಲೇ, ಮಾತು ಕಟ್. ಮುಂಚೆ ಎಲ್ಲವೂ ಕೈಸನ್ನೆ, ಚಿತ್ರದ ಹಲಗೆ. ಇದರಿಂದ ಮೊದಲ ಪಂದ್ಯದ ಗೊಂದಲ ಸ್ವಲ್ಪ ಕಡಿಮೆಯಾಗಿದೆ. ಆದರೆ ಕೇಳಿಸುವುದು ಒಬ್ಬನಿಗೆ. ಉಳಿದ ಹತ್ತು ಜನಕ್ಕೆ ಅವನೇ ಕೂಗಿ ಹೇಳಬೇಕು. ಕೊನೆಯ 15 ಸೆಕೆಂಡ್‌ನಲ್ಲಿ ಎದುರಿನವರು ಜೋಡಣೆ ಬದಲಿಸಿದರೆ ಮತ್ತೆ ಅದೇ ಆಗಸ್ಟ್‌ನಲ್ಲಿ ಕಲಿತ ಪಾಠವೇ ಗತಿ. ಆ ವರ್ಷದ ಮೊದಲ ಪಂದ್ಯದಲ್ಲಿ ಅಟ್ಲಾಂಟಾದಲ್ಲಿ ಇದೇ ಎರಡು ತಂಡ ಮತ್ತೆ ಎದುರಾದವು. ಕ್ಲೆಮ್ಸನ್‌ಗೆ ಈ ಸಲವೂ ಸಿಕ್ಕಿದ್ದು ಮೂರೇ ಅಂಕ, 34-3.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಇಷ್ಟೆಲ್ಲ ನೆನಪಿಟ್ಟುಕೊಳ್ಳೋಕೆ ಆಗಲ್ಲ ಸರ್. ಶನಿವಾರ ಒಂದೇ ಒಂದು ನೋಡಿ ಅಂದ್ರೆ ಏನು ನೋಡ್ಲಿ?” ಹಿಂದಿನ ಇಬ್ಬರು ಸೇಫ್ಟಿಗಳನ್ನು ನೋಡಿ ಅಂದೆ. ಇಬ್ಬರೂ ಹಿಂದೆಯೇ ನಿಂತಿದ್ದು, ಆದರೂ ಎದುರಿನವರ ಓಟ ಎರಡು ಮೂರು ಯಾರ್ಡ್‌ಗೆ ನಿಲ್ಲುತ್ತಿದ್ದರೆ ಆ ಡಿಫೆನ್ಸ್ ಗಟ್ಟಿಯಾಗಿದೆ. ಓಟ ತಡೆಯಲು ಒಬ್ಬ ಸೇಫ್ಟಿ ಮುಂದೆ ಬರಲೇಬೇಕಾಗಿ ಬಂತು ಅಂದರೆ ಅವನ ಹಿಂದಿನ ಜಾಗಕ್ಕೆ ಉದ್ದದ ಪಾಸ್ ಬೀಳುತ್ತದೆ, ಕಾದು ನೋಡಿ.

ಇನ್ನೊಬ್ಬರು, ಮೊದಲ ಪಂದ್ಯ ನೋಡಿ ಇಡೀ ಸೀಸನ್ ಹೇಳಬಹುದಾ ಅಂದರು. ಆಗುವುದಿಲ್ಲ. ಅಪಲೇಚಿಯನ್ ಸ್ಟೇಟ್ ಎದುರು ಸೋತ ಮಿಷಿಗನ್ 9-4ರಲ್ಲಿ ಸೀಸನ್ ಮುಗಿಸಿತು, ಕೊನೆಯ ಪಂದ್ಯದಲ್ಲಿ ಫ್ಲಾರಿಡಾವನ್ನು ಸೋಲಿಸಿತು. ಮೂರೇ ಅಂಕ ಗಳಿಸಿದ್ದ ಕ್ಲೆಮ್ಸನ್ ಹತ್ತು ಪಂದ್ಯ ಗೆದ್ದಿತು. ಷಾರ್ಲಟ್‌ನಲ್ಲಿ ಏಳು ಸ್ಯಾಕ್ ಮಾಡಿದ ಜಾರ್ಜಿಯಾ ಡಿಸೆಂಬರ್‌ನಲ್ಲಿ ಅಲಬಾಮಾ ಎದುರು ಒಂದೂ ಸ್ಯಾಕ್ ಮಾಡಲಾಗದೆ 41-24ರಿಂದ ಸೋತಿತು. ಐದು ವಾರ ಬಿಟ್ಟು ಅದೇ ಅಲಬಾಮಾವನ್ನು ಫೈನಲ್‌ನಲ್ಲಿ 33-18ರಿಂದ ಸೋಲಿಸಿತು.